ನಿಸ್ತಂತು ಸಂದೇಶವೂ ಗೋಪ್ಯತೆಯೂ

ಬಾಗಲಕೋಟೆಯಿಂದ ಹುನಗುಂದಕ್ಕೆ ತಂತಿಯ ಮೂಲಕ ಹೋಗುವ ಮಾತನ್ನು ಕದ್ದು ಕೇಳಬೇಕೆನ್ನುವವನು ಆ ತಂತಿಯವರೆಗಾದರೂ ಹೋಗಲೇಬೇಕು. ಕಂಬವನ್ನೇರಬೇಕು, ಇಲ್ಲವೆ ದೂರವಾಣಿ ಕೇಂದ್ರವನ್ನು ಹೊಗಬೇಕು. ನಿಸ್ತಂತು ಸಂದೇಶಕ್ಕೆ ಈ ತೊಡಕಿಲ್ಲ. ಪ್ರೇಷಕದ ಆಂಟೆನಾದಲ್ಲಿ ವಿದ್ಯುತ್ಪ್ರವಾಹವು ಅತಿ ಶೀಘ್ರವಾಗಿ ಹಿಂದುಮುಂದಾಗಿ ಆಂದೋಲಿಸಿದೊಡನೆ ವಿದ್ಯುತ್ಕಾಂತೀಯ ತರಂಗಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಿಂದ ಸುತ್ತಲೂ ಹರಡುತ್ತವೆ. ಅವುಗಳಿಗೆ ವಿಳಾಸವೆಂಬುದಿಲ್ಲ. ಬಾದಾಮಿಯ ಮರಳುಗಲ್ಲಿನ ಬೆಟ್ಟವು ಕೆಲವನ್ನು ತಡೆದೀತು; ಆದರೆ ಅವು ಹಾಯ್ದಲ್ಲೆಲ್ಲ, ತಕ್ಕ ಆವೃತ್ತಿಗೆ ಹೊಂದಿಸಿದ ಗ್ರಾಹಕವುಳ್ಳ ಯಾರಾದರೂ ಅವನ್ನು ಹಿಡಿಯಬಲ್ಲರು. ಹಿಡಿದ ಸಂಗತಿಯು ಕಳಿಸಿದವನಿಗೆ ತಿಳಿಯುವುದೂ ಇಲ್ಲ. 1914ರಲ್ಲಿ ಟ್ಯಾನೆನ್‌ಬರ್ಗಿನ ಕದನದ ವೇಳೆ ರಷ್ಯದ ಸೇನಾಪತಿಗಳು ತಮ್ಮ ಆಜ್ಞೆಗಳಲ್ಲಿ ಹಲವನ್ನು ಯಾವ ಮರೆಯೂ ಇಲ್ಲದೆ ನಿಸ್ತಂತುವಿನಲ್ಲಿ ಕಳಿಸಿದರು. ಜರ್ಮನರು ಕುಳಿತಲ್ಲಿಯೇ ಕೇಳಿಕೊಂಡರು.

ಆದುದರಿಂದ ಗೋಪ್ಯತೆ ಬೇಕಾದರೆ ಸಂದೇಶವನ್ನೇ ಗೂಢಲಿಪಿಗೆ ಮಾರ್ಪಡಿಸಿ ಕಳಿಸಬೇಕು. ಇಳಕಲ್ಲಿನ ಸೀರೆಯ ವ್ಯಾಪಾರಿಯೊಬ್ಬನ ಮೊಬೈಲಿಗೆ ಬ್ಯಾಂಕಿನಿಂದ ಒಟಿಪಿ ಎಂಬ ಗುಪ್ತಸಂಖ್ಯೆಯು ಬಂದಿತೆನ್ನಿ. 2ಜಿ ಜಾಲದಲ್ಲಿ ಅದಕ್ಕೆ ಹಾಕುವ ಬೀಗವು ಗೋಪುರಕ್ಕೂ ಮೊಬೈಲಿಗೂ ನಡುವೆ ಮಾತ್ರ. ಜಾಲದೊಳಗೆ ಅದು ತೆರೆದ ಕಾರ್ಡಿನಂತೆಯೇ ಸಾಗುತ್ತದೆ. ಆ ಬೀಗವಾದರೂ ಭದ್ರವೇ? ಎ5/1 ಎಂಬ ಈ ಗೂಢಲಿಪಿಯನ್ನು ಸಾಧಾರಣ ಗಣಕಯಂತ್ರಗಳಿಂದಲೇ ಭೇದಿಸಬಹುದೆಂಬುದು 2009ರ ಸುಮಾರಿಗೆ ಬಹಿರಂಗವಾಯಿತು. ಇದಕ್ಕಿಂತಲೂ ವಿಚಿತ್ರವಾದ ದೋಷ ಇನ್ನೊಂದುಂಟು. 2ಜಿಯಲ್ಲಿ ಮೊಬೈಲು ತನ್ನ ಗುರುತನ್ನು ಗೋಪುರಕ್ಕೆ ರುಜುವಾತುಪಡಿಸಬೇಕು. ಗೋಪುರವು ತನ್ನ ಗುರುತನ್ನು ಮೊಬೈಲಿಗೆ ತೋರಿಸಬೇಕಾಗಿಲ್ಲ! ಆದ್ದರಿಂದ ಚಿಕ್ಕ ಪೆಟ್ಟಿಗೆಯಷ್ಟರ ಕಳ್ಳಗೋಪುರವೊಂದು ಹತ್ತಿರದಲ್ಲಿ ಬಲವಾಗಿ ಪ್ರಸಾರ ಮಾಡಿದರೆ ಮೊಬೈಲು ಅದಕ್ಕೇ ಮರುಳಾಗುತ್ತದೆ. 3ಜಿ, 4ಜಿಗಳಲ್ಲಿ ಈ ದೋಷವನ್ನು ತಿದ್ದಿದ್ದಾರೆ. ಆದಾಗ್ಯೂ ಮೊಬೈಲನ್ನು 2ಜಿಗೆ ಇಳಿಸುವ ತಂತ್ರಗಳು ಕಳ್ಳರಿಗೆ ಗೊತ್ತು. ವಾಟ್ಸ್‌ಆಪ್, ಸಿಗ್ನಲ್‌ಗಳಲ್ಲಿರುವಂತೆ ಕಳಿಸುವವನ ಮತ್ತು ಪಡೆಯುವವನ ಉಪಕರಣಗಳಲ್ಲಿ ಮಾತ್ರ ಕೀಲಿಯಿರುವ ಏರ್ಪಾಡು ಎಷ್ಟೋ ಮೇಲು.

ಆದರೆ ಬೀಗವು ಮರೆಮಾಡಲಾರದ ಒಂದು ವಿಷಯವಿದೆ. ತರಂಗವು ಎಲ್ಲಿಂದ ಹೊರಟಿತೆಂಬುದು. ದಿಕ್ಕನ್ನು ಅಳೆಯುವ ಆಂಟೆನಾದಿಂದ ಎರಡು ಬೇರೆ ಸ್ಥಳಗಳಲ್ಲಿ ದಿಕ್ಕನ್ನು ಗುರುತಿಸಿ, ನಕಾಶೆಯ ಮೇಲೆ ಗೆರೆಗಳನ್ನೆಳೆದರೆ ಅವು ಕೂಡುವ ಬಿಂದುವೇ ಪ್ರೇಷಕದ ಠಾವು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಪ್ರಾಂತದಲ್ಲಿದ್ದಾಗ, 1942ರಲ್ಲಿ, ಉಷಾ ಮೆಹತಾ ಮತ್ತು ಅವರ ಸಂಗಡಿಗರು ಮುಂಬಯಿಯಿಂದ ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಪೋಲೀಸರ ಶೋಧಕ ವಾಹನಗಳ ಭಯದಿಂದ ಪ್ರೇಷಕವನ್ನು ಮನೆಯಿಂದ ಮನೆಗೆ ಸಾಗಿಸುತ್ತಲೇ ಇರಬೇಕಾಯಿತು. ತಂತ್ರಜ್ಞನೊಬ್ಬನ ದ್ರೋಹದಿಂದ ನವೆಂಬರ್ 12ರಂದು ಅವರು ಸಿಕ್ಕಿಬಿದ್ದರು.

ನಮ್ಮ ಜೇಬಿನ ಮೊಬೈಲೂ ಒಂದು ಪ್ರೇಷಕವೇ. ನಾವು ಮಾತನಾಡದಿದ್ದಾಗಲೂ ಅದು ಆಗಾಗ್ಗೆ ಗೋಪುರಕ್ಕೆ ತನ್ನ ಇರವನ್ನು ತಿಳಿಸುತ್ತಿರುತ್ತದೆ. ಸಂದೇಶದ ಅಕ್ಷರಗಳು ಮರೆಯಾಗಿದ್ದರೂ, ಅದು ಇಳಕಲ್ಲಿನ ಯಾವ ಗೋಪುರದ ಬಳಿ, ಎಷ್ಟು ಗಂಟೆಗೆ ಇತ್ತೆಂಬುದು ಜಾಲದ ದಾಖಲೆಯಲ್ಲಿ ಉಳಿಯುತ್ತದೆ.