ನಿತ್ಯಜೀವ ಎಂದರೆ ಮುಗಿಯದ ಆಯುಷ್ಯವೇ?



ಕೊಟ್ಟೂರಿನಲ್ಲಿ ಚಿತ್ರೀಕರಣದ ಬಿಡುವಿನಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು: “ಸರ್, ನನ್ನ ಗೆಳತಿಯ ಅಜ್ಜಿ ತೀರಿಕೊಂಡರು. ಅವರು ಕ್ರೈಸ್ತರು. ಮಣ್ಣಿಗೆ ಹೋಗಿದ್ದೆ. ಪಾದ್ರಿಗಳು ‘ನಿತ್ಯಜೀವ’ ಎಂದರು. ಕಣ್ಣೆದುರೇ ಮಣ್ಣು ಮಾಡುತ್ತಿರುವಾಗ ಜೀವ ನಿತ್ಯ ಹೇಗಾದೀತು? ಗೆಳತಿಗೆ ಏನು ಹೇಳಬೇಕೋ ತಿಳಿಯದೆ ಸುಮ್ಮನೆ ಬಂದುಬಿಟ್ಟೆ.”

ವಿಜ್ಞಾನ ಓದಿದ ನನಗೆ ಥಟ್ಟನೆ ನೆನಪಾದದ್ದು ‘ಶಕ್ತಿಗೆ ನಾಶವಿಲ್ಲ’ ಎಂಬ ನಿಯಮ. ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ. ಶಕ್ತಿ ರೂಪ ಬದಲಿಸಿ ಉಳಿಯುತ್ತದೆ, ನಿಜ. ಅಜ್ಜಿ ಉಳಿದರೆಂದು ಆ ನಿಯಮ ಹೇಳುವುದಿಲ್ಲ. ಇನ್ನೊಂದು ನಿದರ್ಶನ ನೋಡಿ. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಕ್ಯಾನ್ಸರ್ ಕೋಶಗಳು 1951ರಿಂದ ಇಂದಿನವರೆಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇವೆ. ಆ ತಾಯಿ ಮಾತ್ರ ಅದೇ ವರ್ಷ ತೀರಿಕೊಂಡರು. ಕೋಶ ಸಾಯದಿರುವುದು ಬೇರೆ, ಮನುಷ್ಯರು ಬಾಳುವುದು ಬೇರೆ.

ಹಾಗಾದರೆ ನಿತ್ಯಜೀವ ಎಂದರೇನು? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದರು. ಇಂದಿನ ಕನ್ನಡ ಬೈಬಲಿನಲ್ಲಿ ‘ನಿತ್ಯಜೀವ’ ಎಂದಿರುವಲ್ಲಿ ಮೂಲ ಗ್ರೀಕಿನಲ್ಲಿ ‘ಜೋಯೆ ಐಯೋನಿಯೋಸ್’ ಎಂದಿದೆ. ‘ಜೋಯೆ’ ಎಂದರೆ ಜೀವ. ‘ಐಯೋನಿಯೋಸ್’ ಎಂಬುದು ಯುಗ ಎಂಬರ್ಥದ ಪದದಿಂದ ಹುಟ್ಟಿದ್ದು. ಆದ್ದರಿಂದ ಕೊನೆಯಿಲ್ಲದ ಜೀವ ಎಂಬುದರ ಜೊತೆಗೆ, ಬರಲಿರುವ ದೇವರ ಯುಗಕ್ಕೆ ಸೇರಿದ ಜೀವ ಎಂಬ ಅರ್ಥವೂ ಅದರಲ್ಲಿದೆ. ಎಷ್ಟು ಕಾಲ ಎಂಬುದಕ್ಕಿಂತ ಎಂಥ ಬಾಳು ಎಂಬುದು ಮುಖ್ಯ. ಯೋಹಾನನ ಸುವಾರ್ತೆಯ 17ನೇ ಅಧ್ಯಾಯವು ದೇವರನ್ನೂ ಯೇಸುಕ್ರಿಸ್ತನನ್ನೂ ಅರಿಯುವುದೇ ನಿತ್ಯಜೀವ ಎನ್ನುತ್ತದೆ. ಅಂದರೆ ಅದು ಸತ್ತ ಮೇಲೆ ಆರಂಭವಾಗುವುದಲ್ಲ, ಇಲ್ಲಿಯೇ ಮೊದಲಾಗಿ ಸಾವಿನಾಚೆಗೂ ಮುಂದುವರಿಯುವ ಸಂಬಂಧ.

ನಮ್ಮ ಸೀಮೆಯಲ್ಲಿ ಸಾವಿಗೆ ಬೇರೆ ಮಾತುಗಳೂ ಉಂಟು. ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕದ ಮುಂದೆ ನಿಂತು ‘ಬಾಪು ಅಮರ’ ಎಂದರೆ, ಜನರ ನೆನಪಿನಲ್ಲಿ ಉಳಿದಿದ್ದಾರೆ ಎಂದರ್ಥ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ವೀರಶೈವ-ಲಿಂಗಾಯತ ಮನೆಗಳಲ್ಲಿ ‘ಲಿಂಗೈಕ್ಯರಾದರು’ ಎಂದರೆ ಲಿಂಗದಲ್ಲಿ ಒಂದಾದರು ಎಂದರ್ಥ. ಕ್ರೈಸ್ತರ ಮಾತು ಈ ಎರಡಕ್ಕಿಂತ ಭಿನ್ನ. ಅಜ್ಜಿ ಬರಿಯ ನೆನಪಾಗುವುದಿಲ್ಲ, ದೇವರಲ್ಲಿ ಕರಗಿಯೂ ಹೋಗುವುದಿಲ್ಲ. ಅವರು ಅವರಾಗಿಯೇ ದೇವರೊಡನೆ ಇರುತ್ತಾರೆ, ಕೊನೆಗೆ ದೇಹ ಸಹಿತ ಎಬ್ಬಿಸಲ್ಪಡುತ್ತಾರೆ ಎಂಬುದು ಆ ನಂಬಿಕೆ. ಈಸ್ಟರ್ ಹಬ್ಬದ ಆಧಾರವೂ ಇದೇ: ಯೇಸು ಸಾವಿನಿಂದ ಎದ್ದನೆಂಬ ವಿಶ್ವಾಸ. ಒಂದು ಇನ್ನೊಂದರ ಅನುವಾದವಲ್ಲ. ಎಲ್ಲವೂ ಒಂದೇ ಎಂದುಬಿಟ್ಟರೆ ಯಾವುದನ್ನೂ ಅರಿತಂತಾಗದು.

ಇದನ್ನು ಸೂಕ್ಷ್ಮದರ್ಶಕದಲ್ಲಿ ಕಾಣಲಾಗದು. ಇದು ನಂಬಿಕೆ. ಆದರೆ ಈ ನಂಬಿಕೆಗೆ ಇಹದ ಹೊಣೆಯೂ ಇದೆ. ಪ್ರೀತಿಸದವನು ಬದುಕಿದ್ದರೂ ಸಾವಿನಲ್ಲೇ ಇದ್ದಾನೆ ಎಂಬರ್ಥದ ಮಾತು ಯೋಹಾನನ ಮೊದಲ ಪತ್ರದಲ್ಲಿದೆ. ಹಸಿದವನಿಗೆ ಅನ್ನವಿಡದೆ ಪರಲೋಕದ ಮಾತಾಡುವವನಿಗೆ ಇದು ಎಚ್ಚರಿಕೆ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದಿಷ್ಟು: “ನೀನು ಒಪ್ಪಲೇಬೇಕೆಂದಿಲ್ಲಮ್ಮ. ಗೆಳತಿಯ ಮನೆಗೆ ಹೋಗು. ‘ಅಜ್ಜಿ ಹೇಗಿದ್ದರು?’ ಎಂದು ಕೇಳು. ಆಕೆ ‘ಇದ್ದಾರೆ’ ಎಂದರೆ, ತಿದ್ದಬೇಡ. ಅದೇ ಅವಳ ನಂಬಿಕೆ.”

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಯೋಚಿಸಿ.