ಬೀಸುಕಲ್ಲನ್ನೂ ಬಿಡಲಿಲ್ಲ!

ಒಂದು ಪಟ್ಟಿ ಕೊಡುತ್ತೇನೆ. ಏನಿದು, ಹೇಳಿ ನೋಡೋಣ.

ಜೀರಿಗೆ. ಉಪ್ಪು. ಬೆಲ್ಲ. ಬೆಣ್ಣೆ. ಅರಿಷಿಣ. ಚರಿಗೆ. ಗಂಗಾಳ. ಕೊಡಲಿ. ಬೀಸುಕಲ್ಲು.

ಸಂತೆ ಚೀಟಿಯೇ? ಅಲ್ಲ. ಹೊಸ ಸಂಸಾರ ಹೂಡುವವರಿಗೆ ಕಟ್ಟಿಕೊಟ್ಟ ಸಾಮಾನೇ? ಅದೂ ಅಲ್ಲ. ಇನ್ನೊಂದೇ ಒಂದು ಹೆಸರು ಸೇರಿಸುತ್ತೇನೆ. ಮಂಗಳಸೂತ್ರ.

ಈಗ ಎದೆ ಝಲ್ಲೆಂದಿತೇ? ಇದು ಲೂಟಿಯ ಪಟ್ಟಿ! 1857ರ ನವೆಂಬರ್ ಕೊನೆಯಲ್ಲಿ ಮುಧೋಳ ಸೀಮೆಯ ಹಲಗಲಿಗೆ ಕುಂಪಣಿ ದಂಡು ನುಗ್ಗಿತು. ಆ ಊರಿನ ಬೇಡರು ಆಯುಧ ಒಪ್ಪಿಸಬೇಕೆಂಬ ಸರ್ಕಾರದ ಹುಕುಮು. ಬೇಡರು ಒಪ್ಪಲಿಲ್ಲ. ದಂಡು ಊರಿಗೆ ಬೆಂಕಿ ಇಟ್ಟಿತು. ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿತು. ಆಮೇಲೆ ಯಾರೋ ಒಬ್ಬ ಲಾವಣಿಕಾರ ಕುಳಿತು ಮನೆಮನೆಯಿಂದ ಹೋದ ಸಾಮಾನನ್ನೆಲ್ಲ ಹಾಡಿನಲ್ಲಿ ಎಣಿಸಿದ!

ನಿಂತು ಯೋಚಿಸಿ. ಸರ್ಕಾರಿ ಕಾಗದದಲ್ಲಿ ಸತ್ತವರ ಲೆಕ್ಕ, ಸೆರೆ ಸಿಕ್ಕವರ ಲೆಕ್ಕ. ಲಾವಣಿಯಲ್ಲಿ ಜೀರಿಗೆಯ ಲೆಕ್ಕ! ಒಗ್ಗರಣೆ ಡಬ್ಬಿಯವರೆಗೆ ಕೈ ಹಾಕಿದ ಸರ್ಕಾರ ಎಂಥದ್ದೆಂದು ಹೇಳಲು ಆ ಕವಿಗೆ ಒಂದು ಬೈಗುಳವೂ ಬೇಕಾಗಲಿಲ್ಲ. ಬೀಸುಕಲ್ಲನ್ನು ಹೊತ್ತುಕೊಂಡು ಹೋದರು ಎಂದ. ಮುಗಿಯಿತು. ಕೇಳುವ ಹೆಣ್ಣುಮಗಳಿಗೆ ಎಲ್ಲ ತಿಳಿಯಿತು. ನಾಳೆ ಬೆಳಗಾದರೆ ಜೋಳ ಬೀಸಲು ಕಲ್ಲಿಲ್ಲ!

ಹಳ್ಳಿಯ ಹಾಡಿನಲ್ಲಿ ರಾಜಕೀಯ ಎಂದರೆ ಇದು. ಇಷ್ಟು ಹತ್ತಿರದ್ದು.

ಸರಿ, ಈ ಲಾವಣಿ ಕಟ್ಟಿದವನು ಹಲಗಲಿಯವನೇ ಎನ್ನುತ್ತೀರಾ? ತಡೆಯಿರಿ. ಆ ಗುಟ್ಟನ್ನು ಕೊನೆಗೆ ಬಿಚ್ಚುತ್ತೇನೆ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ. ಸರ್ಕಾರದ ವಿರುದ್ಧ ಕಟ್ಟಿದ ಈ ಹಾಡನ್ನು ಮೊಟ್ಟಮೊದಲು ಅಚ್ಚಿಗೆ ಕೊಟ್ಟವರು ಯಾರು?

ಕ್ರಾಂತಿಕಾರಿಯೇ? ಗುಟ್ಟಾಗಿ ಅಚ್ಚುಮೊಳೆ ಜೋಡಿಸಿದ ದೇಶಭಕ್ತನೇ?

ಬ್ರಿಟಿಷ್ ಅಧಿಕಾರಿ! ಹೌದು, ಜಾನ್ ಫೇತ್‌ಫುಲ್ ಫ್ಲೀಟ್. ಐಹೊಳೆ, ಬಾದಾಮಿಯ ಶಾಸನಗಳನ್ನು ಓದಿದ ಅದೇ ಫ್ಲೀಟ್ ಸಾಹೇಬ. ಹಗಲೆಲ್ಲ ಚಾಲುಕ್ಯರ ಕಲ್ಲು ಓದುತ್ತಿದ್ದ ಮನುಷ್ಯ ಲಾವಣಿಗೂ ಕಿವಿಗೊಟ್ಟ. 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಒಂದೊಂದಾಗಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ. ಒಟ್ಟು ಐದು. ಅವುಗಳ ವಿಷಯ ಏನಿದ್ದೀತು, ಊಹಿಸಿ.

ಒಂದು ಸಂಗೊಳ್ಳಿ ರಾಯಣ್ಣನದು. ಸರಿ, ಊಹಿಸಿದ್ದಿರಿ. ಇನ್ನೊಂದು ಹಲಗಲಿಯದು. ಸಂಗ್ಯಾನ ಕಥೆ ಒಂದು. ಸೊಸೆ ಚಂದ್ರವ್ವನ ಗೋಳು ಒಂದು. ಐದನೆಯದು?

ಆದಾಯ ತೆರಿಗೆ!

ನಿಜವಾಗಿಯೂ! 1860ರಲ್ಲಿ ಈ ದೇಶಕ್ಕೆ ಮೊದಲ ಸಲ ಇನ್‌ಕಮ್ ಟ್ಯಾಕ್ಸ್ ಬಂತು. ಬಂದದ್ದೇ ತಡ, ನಮ್ಮವರು ಅದರ ಮೇಲೆ ಲಾವಣಿ ಕಟ್ಟಿಬಿಟ್ಟರು. ಬಜೆಟ್ ಬಂದ ಮರುದಿನ ಪತ್ರಿಕೆಯವರು ಮಾಡುವ ಕೆಲಸವನ್ನು ಅಂದು ದಪ್ಪು ಹಿಡಿದವರು ಮಾಡಿದ್ದರು. ಪಲ್ಲ, ಚಾಲ, ಏರು, ಇಳುವು ಎಲ್ಲ ಕೂಡಿಸಿ!

ಈಗ ನರಗುಂದಕ್ಕೆ ಬನ್ನಿ. ಗದಗ ಜಿಲ್ಲೆಯ ಬಡಗಣ ತುದಿ. ಬಯಲ ನಡುವೆ ಎದ್ದು ನಿಂತ ಒಂದು ಗುಡ್ಡ, ಅದರ ಕೆಳಗೆ ಊರು. ನಿಮಗೆ ಸುಲಭದ ಪ್ರಶ್ನೆ: ನರಗುಂದ ಬಂಡಾಯ ನಡೆದದ್ದು ಯಾವ ಇಸವಿಯಲ್ಲಿ?

1858 ಎಂದಿರಾ? ಸರಿ ಉತ್ತರ.

1980 ಎಂದಿರಾ? ಅದೂ ಸರಿ!

ಒಂದೇ ಊರು. ಒಂದೇ ಹೆಸರು. ನಡುವೆ 122 ವರ್ಷ!

ಮೊದಲನೆಯದು ಬಾಬಾಸಾಹೇಬ ಭಾವೆಯದು. ಮಕ್ಕಳಿಲ್ಲದ ದೊರೆ. ದತ್ತಕ ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಿಗೆ ಕೊಡಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಅವನ ರುಂಡ ನರಗುಂದದ ಅಗಸಿಗೆ ಬಂತು. ಜೂನ್ 2ಕ್ಕೆ ಕೋಟೆ ಬಿತ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಎಲ್ಲ ಸೇರಿ ಎಷ್ಟು ದಿನ? ಹದಿನೈದು! ಒಂದು ಅಮಾವಾಸ್ಯೆಯಿಂದ ಹುಣ್ಣಿಮೆಗೆ ಆಗುವಷ್ಟು ಹೊತ್ತು. ಅಷ್ಟರಲ್ಲಿ ಒಂದು ಸಂಸ್ಥಾನ ಭೂಪಟದಿಂದ ಅಳಿಸಿಹೋಯಿತು. ಆ ಹದಿನೈದು ದಿನವನ್ನು ಈ ಸೀಮೆ ಇವತ್ತಿಗೂ ನಿನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತದೆ.

ಎರಡನೆಯದು ರೈತರದು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಬಂತು. ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಮನೆ ಮುಟ್ಟಿತು! 1980ರ ಜುಲೈ 21. ನರಗುಂದ, ನವಲಗುಂದ ಎರಡೂ ಕಡೆ ಗುಂಡು ಹಾರಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಪ್ರಾಣ ಬಿಟ್ಟರು. ಆ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು. ರೈತ ಸಂಘ ಹುಟ್ಟಿತು. 1983ರ ಜನವರಿಯಲ್ಲಿ ಕರ್ನಾಟಕ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರವನ್ನು ಕಂಡಿತು. ನರಗುಂದದಲ್ಲಿ ವೀರಗಲ್ಲು ಇದೆ. ಪ್ರತಿ ಜುಲೈ 21ಕ್ಕೆ ಅಲ್ಲಿಗೆ ಮಾಲೆ ಬರುತ್ತದೆ. 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ಅದೇ ನರಗುಂದದಲ್ಲಿ ಧರಣಿ ಕುಳಿತವರು ಸಾವಿರ ದಿನ ದಾಟಿದರೂ ಏಳಲಿಲ್ಲ. ಸಾವಿರ!

ಇಂಥ ಮಣ್ಣಿನಲ್ಲಿ ಹಾಡು ಸುಮ್ಮನೆ ಇದ್ದೀತೇ?

ನಾನು ನಿಮ್ಮನ್ನು ಒಂದು ಗೀಗೀ ಪದದ ರಾತ್ರಿಗೆ ಕರೆದೊಯ್ಯಬೇಕು. ರೋಣದ ಕಡೆ ಯಾವುದಾದರೂ ಊರಿನ ಜಾತ್ರೆ ಎಂದುಕೊಳ್ಳಿ. ಊಟ ಮುಗಿದಿದೆ. ಗುಡಿಯ ಮುಂದೆ ಕಂಬಳಿ ಹಾಸಿ ಜನ ಕೂತಿದ್ದಾರೆ. ಒಬ್ಬನ ಕೈಯಲ್ಲಿ ದಪ್ಪು. ಇನ್ನೊಬ್ಬನ ಕೈಯಲ್ಲಿ ತುಂತುಣಿ. ಮತ್ತೊಬ್ಬನ ಬೆರಳಲ್ಲಿ ತಾಳ. ಇಷ್ಟೇ ಸರಂಜಾಮು! ಮುಂದಾಳು ಒಂದು ನುಡಿ ಎತ್ತುತ್ತಾನೆ. ಹಿಮ್ಮೇಳದವರು ಗೀಯ ಗೀಯ ಎಂದು ಎಳೆಯುತ್ತಾರೆ. ರೋಮ ನಿಲ್ಲುತ್ತದೆ.

ಆದರೆ ನಿಜವಾದ ಬೆರಗು ಇನ್ನೂ ಮುಂದಿದೆ. ಎದುರಿಗೆ ಇನ್ನೊಂದು ಮೇಳ ಕೂತಿದೆ!

ಒಂದು ಮೇಳ ಹರದೇಶಿ. ಇನ್ನೊಂದು ನಾಗೇಶಿ. ಹರದೇಶಿಯವರದು ಗಂಡು ಹೆಚ್ಚು, ಶಿವ ಹೆಚ್ಚು ಎಂಬ ವಾದ. ನಾಗೇಶಿಯವರದು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂಬ ವಾದ. ಒಬ್ಬರ ಸವಾಲು, ಇನ್ನೊಬ್ಬರ ಜವಾಬು. ಬೆಳಗಿನ ತನಕ! ನಾಗೇಶಿ ಹಾಡುವವರು ಬಹುಮಟ್ಟಿಗೆ ಹೆಣ್ಣುಮಕ್ಕಳೇ. ಊರಿನ ಗೌಡ, ಕುಲಕರ್ಣಿ, ಹಿರಿಯರೆಲ್ಲ ಮುಂದೆ ಕೂತಿರುವಾಗ ಒಬ್ಬ ಹೆಣ್ಣುಮಗಳು ದಪ್ಪು ಬಡಿದು ಕೇಳುತ್ತಾಳೆ, ನಿನ್ನ ಹೆತ್ತವಳು ಯಾರಪ್ಪಾ ಎಂದು. ಹೊತ್ತು ಹೋದ ಹಾಗೆ ವಾದ ದೇವರನ್ನು ಬಿಟ್ಟು ಮನೆಗೆ ಇಳಿಯುತ್ತದೆ. ವರದಕ್ಷಿಣೆಗೆ ಇಳಿಯುತ್ತದೆ. ಹೊಲದ ಪಾಲಿಗೆ ಇಳಿಯುತ್ತದೆ. ಇದು ರಾಜಕೀಯವಲ್ಲದೆ ಮತ್ತೇನು?

ಕೇಳುವವರು ಏನು ಮಾಡುತ್ತಾರೆ ಗೊತ್ತೇ? ಸುಮ್ಮನೆ ಕೂರುವುದೇ ಇಲ್ಲ! ತಮ್ಮ ಪಕ್ಷದ ಮಾತು ಬಂದ ಕೂಡಲೇ ಒಬ್ಬ ಎದ್ದು ಬರುತ್ತಾನೆ. ಅಂಗಿಯ ಜೇಬಿನಿಂದ ನೋಟು ತೆಗೆಯುತ್ತಾನೆ. ಅದು ಆಯೇರಿ. ಹಾಡು ಅಲ್ಲೇ ನಿಲ್ಲುತ್ತದೆ. ಕೊಟ್ಟವರ ಹೆಸರು, ಕೊಟ್ಟ ಮೊತ್ತ ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಅದನ್ನು ಕೇಳಿದ ಎದುರು ಪಕ್ಷದ ಅಭಿಮಾನಿ ಬಿಟ್ಟಾನೆಯೇ? ಅವನೂ ಏಳುತ್ತಾನೆ! "ನಮ್ಮ ಅಕ್ಕಾರು ಏನ ಜವಾಬ ಕೊಟ್ರಪಾ! ಇಕಾ, ನಂದೂ ಐವತ್ತು ರೂಪಾಯಿ ಇರಲಿ." ಮತ ಎಣಿಕೆ ಅಲ್ಲೇ, ಆ ಕ್ಷಣದಲ್ಲೇ, ಕಣ್ಣೆದುರಿಗೇ!

ಈಗ ಸಾವಿರಾರು ಮೈಲಿ ಆಚೆ ಹೋಗೋಣ. ಅಮೆರಿಕಕ್ಕೂ ತನ್ನದೇ ಹಳ್ಳಿಹಾಡು ಇದೆ, ಕಂಟ್ರಿ ಮ್ಯೂಸಿಕ್. 2003ರ ಮಾರ್ಚ್ 10. ಡಿಕ್ಸಿ ಚಿಕ್ಸ್ ಎಂಬ ಮೂವರು ಹೆಣ್ಣುಮಕ್ಕಳ ಮೇಳ ಲಂಡನ್ನಿನಲ್ಲಿ ಹಾಡುತ್ತಿತ್ತು. ಇರಾಕ್ ಯುದ್ಧ ಇನ್ನೇನು ಶುರುವಾಗುವುದರಲ್ಲಿತ್ತು. ನಮ್ಮ ಟೆಕ್ಸಾಸಿನವರೇ ಆದ ಅಧ್ಯಕ್ಷ ಬುಷ್ ಬಗ್ಗೆ ನಮಗೆ ನಾಚಿಕೆ ಎನ್ನುವ ಅರ್ಥದ ಒಂದು ಮಾತನ್ನು ಮುಖ್ಯ ಗಾಯಕಿ ನಟಾಲಿ ಮೇನ್ಸ್ ಆಡಿದಳು. ಹಾಡಲ್ಲ. ಹಾಡಿನ ನಡುವಿನ ಒಂದೇ ಒಂದು ಮಾತು!

ಏನಾಯಿತು? ರೇಡಿಯೊಗಳು ಅವರ ಹಾಡನ್ನೇ ಕೈಬಿಟ್ಟವು. ಕೊಲೆ ಬೆದರಿಕೆ ಬಂತು. ಲೂಸಿಯಾನಾದಲ್ಲಿ ಅಭಿಮಾನಿಗಳು ಅವರ ಸಿಡಿಗಳನ್ನು ರಾಶಿ ಹಾಕಿದರು. ರಾಶಿಯ ಮೇಲೆ ಏನು ಹತ್ತಿಸಿದರು, ಹೇಳಿ?

ಟ್ರ್ಯಾಕ್ಟರು!

ನರಗುಂದದಲ್ಲಿ ಟ್ರ್ಯಾಕ್ಟರು ಹೋರಾಟಕ್ಕೆ ಜನರನ್ನು ಹೊತ್ತು ತರುತ್ತದೆ. ಅಲ್ಲಿ ಟ್ರ್ಯಾಕ್ಟರು ಹಾಡನ್ನೇ ಅರೆಯಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅವರು 2007ರಲ್ಲಿ ಐದು ಗ್ರ್ಯಾಮಿ ಗೆದ್ದು ತಿರುಗಿ ಬಂದರು ನಿಜ. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ನಮ್ಮ ಗುಡಿಕಟ್ಟೆಗೇ ಬರುತ್ತದೆ. ನಮ್ಮಲ್ಲಿ ಒಪ್ಪದವನಿಗೆ ಟ್ರ್ಯಾಕ್ಟರು ಬೇಕಿಲ್ಲ, ಅವನಿಗೂ ಒಂದು ದಪ್ಪು ಕೊಟ್ಟು ಎದುರಿಗೆ ಕೂರಿಸಿದ್ದಾರೆ! ಜವಾಬು ಕೊಡಲು ಅವನಿಗೆ ಇಡೀ ರಾತ್ರಿ ಇದೆ. ಇಷ್ಟು ದೊಡ್ಡ ವ್ಯವಸ್ಥೆಯನ್ನು ಯಾವ ಊರಿನ ಯಾವ ಹಿರಿಯರು ಯೋಚಿಸಿ ಕಟ್ಟಿದರೋ!

ಹಾಗೆಂದು ದೊರೆಗಳು ಹಾಡಿಗೆ ಹೆದರಲಿಲ್ಲವೆಂದಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ರಾಮದುರ್ಗ ಸೀಮೆಯ ಹುಲಕುಂದದ ಕವಿಗಳು ಗೀಗೀ ಪದಕ್ಕೆ ದೇಶದ ಮಾತು ತುಂಬಿದರು. ಮುರಗೋಡದ ಹುಕ್ಕೇರಿ ಬಾಳಪ್ಪನವರಿಗೆ 'ಸಾವಿರ ಹಾಡುಗಳ ಸರದಾರ' ಎಂದೇ ಹೆಸರು. ಭಾಷಣಕ್ಕೆ ಬಾರದ ಜನ ಹಾಡಿಗೆ ಬರುತ್ತಿದ್ದರು. ಬಂದವರು ಮನೆಗೆ ಹೋಗುವಾಗ ಬಾಯಲ್ಲಿ ಹಾಡೂ ಇತ್ತು, ಅದರೊಳಗಿನ ಮಾತೂ ಇತ್ತು. ಅದನ್ನು ಜಪ್ತಿ ಮಾಡುವುದು ಹೇಗೆ?

ನರಗುಂದ, ರೋಣದ ಹೆಸರು ಹೇಳಿ ಗಜೇಂದ್ರಗಡವನ್ನು ಬಿಟ್ಟೆ ಎನ್ನಬೇಡಿ. 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿ ಮರಾಠರೊಂದಿಗೆ ಯುದ್ಧ ಹೊತ್ತಿಕೊಂಡದ್ದು ಯಾವ ಊರಿನಿಂದ? ನರಗುಂದ. ಆ ಯುದ್ಧ 1787ರಲ್ಲಿ ಒಪ್ಪಂದವಾಗಿ ಮುಗಿದದ್ದು ಯಾವ ಊರ ಹೆಸರಿನಲ್ಲಿ? ಗಜೇಂದ್ರಗಡ! ಜಗಳದ ಎರಡೂ ತುದಿ ನಮ್ಮಲ್ಲೇ!

ರೋಣ ಎಂದರೆ ನೀವು ಭೀಮಸೇನ ಜೋಶಿ ಎನ್ನುತ್ತೀರಿ. 1922ರಲ್ಲಿ ಅವರು ಹುಟ್ಟಿದ ಊರು, ಹೌದು. ಆದರೆ ಅದೇ ರೋಣ ತಾಲ್ಲೂಕಿನ ಜಕ್ಕಲಿಗೆ ಒಂದು ಸಲ ಹೋಗಿ ಬನ್ನಿ. ಏಕೀಕರಣದ ಹುಲಿ ಅಂದಾನಪ್ಪ ದೊಡ್ಡಮೇಟಿಯವರ ಊರು ಅದು. ಕನ್ನಡ ನಾಡು ಇನ್ನೂ ಒಂದಾಗಿರಲಿಲ್ಲ. 1953ರಲ್ಲೇ ಅವರು ಕಲಾವಿದ ಸಿ. ಎನ್. ಪಾಟೀಲರಿಂದ ತಾಯಿ ಭುವನೇಶ್ವರಿಯ ಚಿತ್ರ ಬರೆಸಿಬಿಟ್ಟಿದ್ದರು! ಅದಕ್ಕೂ ಮೊದಲು, 1924ರಲ್ಲಿ, ಗದಗಿನ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ' ಹಾಡು ಬೆಳಗಾವಿಯಲ್ಲಿ ಮೊಳಗಿತ್ತು. ಅಲ್ಲಿ ಹಾಡಿದ ಹುಡುಗಿಗೆ ಎಷ್ಟು ವಯಸ್ಸು? ಹನ್ನೊಂದು! ಹೆಸರು ಗಂಗೂಬಾಯಿ ಹಾನಗಲ್. ರಾಜ್ಯ ಬಂದದ್ದು 1956ಕ್ಕೆ. ಹಾಡು 32 ವರ್ಷ ಮೊದಲೇ ಬಂದು ದಾರಿ ಕಾಯುತ್ತಿತ್ತು!

ಈಗ ಆ ಗುಟ್ಟು.

ಹಲಗಲಿಯ ಲಾವಣಿ ಕಟ್ಟಿದವನ ಹೆಸರು ಹಾಡಿನಲ್ಲಿ ಇಲ್ಲ. ಆದರೆ ಕೊನೆಗೆ ಅವನು ತನ್ನ ದೇವರನ್ನು ನೆನೆಯುತ್ತಾನೆ. ಲಾವಣಿಕಾರನ ರುಜು ಅದೇ. ಆ ದೇವರು ಮುಧೋಳದವನಲ್ಲ. ಹಲಗಲಿಯವನೂ ಅಲ್ಲ.

ಕುರ್ತಕೋಟಿಯ ಕಲ್ಮೇಶ!

ಕುರ್ತಕೋಟಿ! ನಮ್ಮ ಗದಗ ತಾಲ್ಲೂಕಿನ ಕುರ್ತಕೋಟಿ! ಹಲಗಲಿಯಲ್ಲಿ ಹೊತ್ತಿದ ಬೆಂಕಿಗೆ ಮಲಪ್ರಭೆಯ ಈಚೆ ಕೂತ ಒಬ್ಬ ಕಲ್ಮೇಶನ ಭಕ್ತ ಕಣ್ಣೀರಿಟ್ಟಿದ್ದಾನೆ. ತನ್ನ ಮನೆಯ ಬೀಸುಕಲ್ಲೇ ಹೋದವನ ಹಾಗೆ ಲೆಕ್ಕ ಬರೆದಿದ್ದಾನೆ. ಸುದ್ದಿ ಅವನವರೆಗೆ ಹೇಗೆ ಬಂತು? ಸಂತೆಗೆ ಬಂದವರ ಬಾಯಲ್ಲೇ? ಜಾತ್ರೆಯಲ್ಲಿ ಎದುರಾದ ಇನ್ನೊಂದು ಮೇಳದವರ ಬಾಯಲ್ಲೇ?

ಇನ್ನೊಂದೇ ಒಂದು ಮಾತು, ಬಿಟ್ಟುಬಿಡುತ್ತೇನೆ. ಸರ್ಕಾರದ ಹುಕುಮಿಗೆ ತಿರುಗಿ ಬಿದ್ದವರ ಆ ಲಾವಣಿ ಇವತ್ತು ಅಚ್ಚಾಗುವುದು ಎಲ್ಲಿ ಗೊತ್ತೇ? ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕದಲ್ಲಿ! ಅಚ್ಚು ಹಾಕಿಸಿದ್ದು ಸರ್ಕಾರವೇ! ನಿಮ್ಮ ಮನೆಯಲ್ಲಿ ಹತ್ತನೆಯ ತರಗತಿ ಓದುವ ಮಗುವಿದ್ದರೆ ಈಗಲೇ ಕೂಗಿ ಕರೆಯಿರಿ. ಉಪ್ಪು, ಅರಿಷಿಣ, ಜೀರಿಗೆ ಬರುವ ಆ ನುಡಿಯನ್ನು ಗಟ್ಟಿಯಾಗಿ ಓದಲು ಹೇಳಿ. ಓದುವುದಲ್ಲ, ಹಾಡಲು ಹೇಳಿ. ದಪ್ಪು ಇಲ್ಲದಿದ್ದರೆ ಗಂಗಾಳವಾದರೂ ಸರಿ, ಬಡಿಯಿರಿ!