ಗಣಕಯಂತ್ರಗಳ ನವೀಕರಣ: ಕಾಲನಿರ್ಣಯದ ಪ್ರಶ್ನೆ

ಗಣಕಯಂತ್ರದ ಅಂಗಾಂಗಗಳನ್ನು ಒಂದುಗೂಡಿಸಿ ದುಡಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ವಿಂಡೋಸ್ ಇಂತಹದೊಂದು ವ್ಯವಸ್ಥೆ. ಇದರ ಹೊಸ ಆವೃತ್ತಿ ಹೊರಬಂದಾಗಲೆಲ್ಲ, ಸಿಬ್ಬಂದಿಯ ಕೈಗೆ ನೂರಾರು ಯಂತ್ರಗಳನ್ನು ಕೊಟ್ಟಿರುವ ಸಂಸ್ಥೆಯ ಮುಂದೆ ಒಂದು ಪ್ರಶ್ನೆ ತಲೆದೋರುತ್ತದೆ: ಅವುಗಳನ್ನು ಹೊಸ ಆವೃತ್ತಿಗೆ ಬದಲಾಯಿಸುವುದು ಯಾವಾಗ?

ಆತುರದಿಂದ ಅನರ್ಥವುಂಟು. 2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ ಪರಿಷ್ಕೃತ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದನ್ನು ಕೂಡಲೇ ಅಳವಡಿಸಿಕೊಂಡ ಕೆಲವರ ಕಡತಗಳೂ ಚಿತ್ರಗಳೂ ಅಳಿಸಿಹೋದವು. ನಾಲ್ಕೇ ದಿನಗಳಲ್ಲಿ ವಿತರಣೆಯನ್ನು ತಡೆಹಿಡಿದು, ದೋಷವನ್ನು ಸರಿಪಡಿಸಿ, ನವೆಂಬರ್ 13ರಂದು ಅದನ್ನು ಮತ್ತೆ ಹೊರತರಬೇಕಾಯಿತು. ಅದುವರೆಗೆ ಕಾದವರಿಗೆ ಈ ನಷ್ಟ ತಟ್ಟಲಿಲ್ಲ.

ಹಾಗೆಂದು ವಿಳಂಬವೇ ಕ್ಷೇಮವೆಂದು ಭಾವಿಸಲಾಗದು. 2017ರ ಮೇ 12ರಂದು ‘ವಾನಾಕ್ರೈ’ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಟ್ರಸ್ಟುಗಳ ಪೈಕಿ ಕನಿಷ್ಠ 81 ಟ್ರಸ್ಟುಗಳ ಕೆಲಸ ಅಸ್ತವ್ಯಸ್ತಗೊಂಡಿತು; ಶಸ್ತ್ರಚಿಕಿತ್ಸೆಗಳು ರದ್ದಾದವು. ಇದನ್ನು ತಡೆಯಬಲ್ಲ ತಿದ್ದುಪಡಿ ಮಾರ್ಚ್ 14ರಂದೇ ಲಭ್ಯವಾಗಿತ್ತು. ಬಾಧೆಗೊಳಗಾದ ಯಂತ್ರಗಳಲ್ಲಿ ಹೆಚ್ಚಿನವು ಆ ತಿದ್ದುಪಡಿಯನ್ನು ಪಡೆಯದಿದ್ದ ವಿಂಡೋಸ್ 7 ಯಂತ್ರಗಳು.

ಈ ಎರಡು ಘಟನೆಗಳಿಂದ ಒಂದು ವಿವೇಚನೆ ಸಾಧ್ಯವಾಗುತ್ತದೆ. ರಕ್ಷಣಾ ತಿದ್ದುಪಡಿ ಬೇರೆ, ಹೊಸ ಆವೃತ್ತಿ ಬೇರೆ. ಮೊದಲನೆಯದನ್ನು ತಡಮಾಡದೆ ಅಳವಡಿಸಬೇಕು, ಎರಡನೆಯದಕ್ಕೆ ಕಾಯಬಹುದು. ಆದರೆ ಆ ಕಾಯುವಿಕೆಗೂ ಒಂದು ಗಡುವುಂಟು. ಹಳೆಯ ಆವೃತ್ತಿಗೆ ತಯಾರಕರ ಬೆಂಬಲ ಕೊನೆಗೊಂಡರೆ ತಿದ್ದುಪಡಿಗಳೂ ಸಾಮಾನ್ಯವಾಗಿ ನಿಂತುಹೋಗುತ್ತವೆ.

ಆದ್ದರಿಂದ ಬೆಂಬಲ ಮುಗಿಯುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುವುದೇ ಕಾಲನಿರ್ಣಯದ ಸರಿಯಾದ ಕ್ರಮ. ವಿಂಡೋಸ್ 11 ಹೊರಬಂದದ್ದು 2021ರ ಅಕ್ಟೋಬರಿನಲ್ಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ರಂದು. ಸಿದ್ಧತೆಗೆ ನಾಲ್ಕು ವರ್ಷಗಳ ಅವಕಾಶವಿತ್ತು. ಹೊಸ ಆವೃತ್ತಿಗೆ ಟಿಪಿಎಂ 2.0 ಎಂಬ ರಕ್ಷಣಾ ಘಟಕವೂ 4 ಜಿಬಿ ಸ್ಮೃತಿಯೂ 64 ಜಿಬಿ ಸಂಗ್ರಹವೂ ಅವಶ್ಯಕ. ಯಾವ ಯಂತ್ರಗಳಿಗೆ ಈ ಅರ್ಹತೆಯಿಲ್ಲವೆಂಬುದನ್ನು ಮೊದಲೇ ಗುರುತಿಸಿದರೆ ಮಾತ್ರ ಹೊಸ ಯಂತ್ರಗಳಿಗೆ ಆಯವ್ಯಯದಲ್ಲಿ ಹಣ ಒದಗಿಸಲು ಸಾಧ್ಯ.

ಅನಂತರ ಪ್ರತಿಯೊಂದು ವಿಭಾಗದಿಂದ ಒಂದೆರಡು ಯಂತ್ರಗಳನ್ನು ಆಯ್ದು, ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿರಿಸಿ, ಹೊಸ ಆವೃತ್ತಿಯನ್ನು ಪರೀಕ್ಷಿಸಬೇಕು. ತಿಂಗಳ ಕೊನೆಯ ಲೆಕ್ಕಪತ್ರ, ಮುದ್ರಣ, ಕನ್ನಡ ಬೆರಳಚ್ಚು ಇವೆಲ್ಲವೂ ಸುಗಮವಾಗಿ ನಡೆದ ಮೇಲೆಯೇ ಉಳಿದ ಯಂತ್ರಗಳನ್ನು ತಂಡತಂಡವಾಗಿ ಬದಲಾಯಿಸುವುದು ಯುಕ್ತ. ಹೀಗೆ ನಡೆದುಕೊಳ್ಳುವ ಸಂಸ್ಥೆಯಲ್ಲಿ ದೋಷವೊಂದು ಕಂಡುಬಂದರೂ ಅದು ಒಂದೆರಡು ಮೇಜುಗಳಲ್ಲಿಯೇ ನಿಲ್ಲುತ್ತದೆ. ಇಡೀ ಕಛೇರಿಯ ಕೆಲಸ ಸ್ಥಗಿತಗೊಳ್ಳುವುದಿಲ್ಲ.